ಎದುರುಮನೆ ಕಂಪ್ಯೂಟರಿನ ಕಸ

ನಾನು ಸುಮ್ನೆ ಕೂತಿದ್ರೂ ಏನಾದ್ರೂ ಒಂದು ನಡೆದುಹೋಗುತ್ತೆ, ಆಮೇಲೆ ಎಲ್ರೂ ನನ್ನನ್ನೇ ನೋಡ್ತಾರೆ. ಹತ್ತನೇ ಕ್ಲಾಸಲ್ಲಿ ಡುಮ್ಕಿ ಹೊಡೆದ ಮೇಲೆ ಸುಮ್ನೆ ಕೂರೋದೇ ನನ್ನ ಕೆಲಸ. ಅಮ್ಮ ಬೆಳಗ್ಗೆ ಬೊಮ್ಮನಹಳ್ಳಿ ಗಾರ್ಮೆಂಟ್ಸಿಗೆ ಹೋದ್ರೆ ಬರೋದು ಕತ್ತಲಾದ ಮೇಲೆ. ಅಲ್ಲೀವರೆಗೆ ಮನೇಲಿ ಮಾತಾಡೋದು ಫ್ಯಾನ್ ಒಂದೇ, ಅದೂ ಒಂದೇ ಮಾತು. ಹಾಗಾಗಿ ಎದುರುಮನೆ ಅಂಕಲ್ ಕಂಪ್ಯೂಟರ್ ಕೆಟ್ಟಾಗ ನನಗೆ ಹಬ್ಬ.

ಬೋರ್ಡ್ ಕಿತ್ತ ಕಥೆ

ಅಂಕಲ್‌ಗೆ ಕುಮಾರಸ್ವಾಮಿ ಲೇಔಟಲ್ಲಿ ಮೂರು ಬಾಡಿಗೆ ಮನೆ. ಪ್ರಪಂಚದಲ್ಲಿ ಏನೇ ಆದ್ರೂ ಅವರಿಗೆ ಬಾಡಿಗೆದಾರರ ಥರಾನೇ ಕಾಣೋದು.

"ಬೇಡದ ಪ್ರೋಗ್ರಾಂ ಎಲ್ಲಾ ತೆಗೆದ್ಹಾಕಿದೀನಿ ಕಣೋ. ಆದ್ರೂ ಎತ್ತಿನಗಾಡಿ ಥರ ಓಡ್ತಿದೆ."

ನೋಡಿದ್ರೆ ಪರದೆ ಮೇಲಿನ ಚಿತ್ರಗಳನ್ನ ಮಾತ್ರ ಅಳಿಸಿದ್ರು. ಪ್ರೋಗ್ರಾಂಗಳೆಲ್ಲ ಒಳಗೆ ಆರಾಮಾಗಿ ಕೂತಿದ್ವು.

"ಅಂಕಲ್, ಬಾಗಿಲಲ್ಲಿರೋ ಹೆಸರಿನ ಬೋರ್ಡ್ ಕಿತ್ರೆ ಬಾಡಿಗೆಯವ್ರು ಖಾಲಿ ಮಾಡ್ತಾರಾ?"

ಸರಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ ತೋರಿಸ್ದೆ. ಆದ್ರೂ ಒಂದೊಂದು ಪ್ರೋಗ್ರಾಮೂ ಹೋಗುವಾಗ ಹಳೇ ಫೈಲು, ಫೋಲ್ಡರು ಅಂತ ರಾಶಿ ಬಿಟ್ಟು ಹೋಗಿತ್ತು. ಅಂಕಲ್ ಕನ್ನಡಕ ಏರಿಸಿ ನೋಡಿ ಹಲ್ಲು ಕಡಿದ್ರು.

"ಅಡ್ವಾನ್ಸ್ ಇಸ್ಕೊಂಡು ಒಳಗೆ ಬಿಟ್ಕೊಂಡಿದ್ರೆ ಹಿಂಗೆ ಮಾಡ್ತಿದ್ರಾ ಇವ್ರು? ಪೇಂಟಿಂಗ್ ಖರ್ಚು ಅಂತ ಹಿಡ್ಕೊಂಡು ಕಳಿಸ್ತಿದ್ದೆ!"

ಖಾಲಿ ಡಬ್ಬ

ಮಾರನೇ ದಿನ ಆ ಕಸ ಗುಡಿಸೋಕೆ ಕೂತೆ. ಅಂಕಲ್ ಮನೆ ಆಂಟಿ ಕಾಫಿ, ಕೋಡುಬಳೆ ತಂದು ಪಕ್ಕದಲ್ಲೇ ನಿಂತ್ರು.

"ಅದೇನೋ ಅಳಿಸ್ತಿರೋದು?"

"ಫೋಲ್ಡರ್ ಆಂಟಿ. ಒಳಗೇನೂ ಇಲ್ಲ, ಖಾಲಿ."

"ಖಾಲಿನಾ? ಚೆನ್ನಾಗಿದೆಯಾ?"

"ಏನು ಚೆನ್ನಾಗಿದೆಯಾ?"

"ಒಡೆದು ಗಿಡೆದು ಹೋಗಿಲ್ವಲ್ಲ? ಹಂಗಿದ್ರೆ ಯಾಕೋ ಎಸೀತೀಯ! ತೊಳೆದು ಮೇಲಿಡು, ಹಬ್ಬಕ್ಕೆ ಬೇಕಾಗುತ್ತೆ."

ಅವರ ಅಡುಗೆಮನೆ ಅಟ್ಟದಲ್ಲಿ ಐಸ್‌ಕ್ರೀಂ ಡಬ್ಬ ಯಾಕೆ ತುಂಬಿದೆ ಅಂತ ಆವತ್ತು ಅರ್ಥ ಆಯ್ತು. ಆಂಟಿ ಕಣ್ಣೆದುರು ಒಂದು ಖಾಲಿ ಫೋಲ್ಡರ್ ಅಳಿಸೋಕೂ ನನ್ನಿಂದ ಆಗ್ಲಿಲ್ಲ.

ಕಂಪ್ಯೂಟರ್ ಕರೀತಿದೆ

ಸಂಜೆ ಹೊತ್ತಿಗೆ ಬೇರೆ ಕಸ ಎಲ್ಲಾ ಕ್ಲೀನ್ ಆಯ್ತು. ಆಮೇಲೆ ತಲೆಗೆ ಹೊಳೀತು. ಇಷ್ಟು ಚೆನ್ನಾಗಿ ಕ್ಲೀನ್ ಮಾಡ್ಬಿಟ್ರೆ ನಾಳೆ ನನ್ನ ಕರೆಯೋದ್ಯಾರು?

ಅದಕ್ಕೆ ಹೊರಡೋ ಮುಂಚೆ ಒಂದು ಕಿತಾಪತಿ ಮಾಡ್ದೆ. ದಿನಾ ಕಾಫಿ ಹೊತ್ತಿಗೆ ಪರದೆ ಮೇಲೆ ಬರೋ ಹಾಗೆ ಒಂದು ಸಂದೇಶ ಇಟ್ಟೆ: "ಕಸ ಇನ್ನೂ ಉಳಿದಿದೆ. ಎದುರುಮನೆ ಹುಡುಗನನ್ನು ಕರೆಯಿರಿ."

ಸಖತ್ ಕೆಲಸ ಮಾಡ್ತು ಗುರು! ದಿನಾ ಸಂಜೆ ಗೇಟಿಂದ ಅಂಕಲ್ ಕೂಗೋರು, "ಲೋ, ಬಾರೋ! ನನ್ನ ಕಂಪ್ಯೂಟರ್ ನಿನ್ನೇ ಕೇಳ್ತಿದೆ!" ನಾನು ಹೋಗಿ ಡಾಕ್ಟರ್ ಥರ ಮುಖ ಮಾಡ್ಕೊಂಡು ಫೋಲ್ಡರ್ ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಎಳೆಯೋನು. ಅಂಕಲ್ ಬಾಡಿಗೆಯವ್ರನ್ನ ಬೈಯೋರು, ಆಂಟಿ ಅಂಕಲ್‌ನ ಬೈಯೋರು. ಕಾಫಿ ಖಾಲಿ ಆದ್ರೂ ಕಸ ಮಾತ್ರ ಮುಗೀತಿರ್ಲಿಲ್ಲ.

ಪೂರ್ತಿ ಕ್ಲೀನ್

ಒಂದಿನ ಬಿಟಿಎಂ ಲೇಔಟಿಂದ ಅವರ ಮಗಳು ಬಂದ್ರು. ಓದಿದವ್ರು, ಹತ್ತೇ ನಿಮಿಷದಲ್ಲಿ ನನ್ನ ಸಂದೇಶ ಸಮೇತ ಎಲ್ಲಾ ಗುಡಿಸಿ ಹಾಕಿ ಹೋದ್ರು.

ಮಾರನೇ ಸಂಜೆ ಯಾರೂ ಕೂಗ್ಲಿಲ್ಲ. ಅದರ ಮಾರನೇ ಸಂಜೇನೂ ಇಲ್ಲ. ಕಾಫಿ ಹೊತ್ತಿಗೆ ಕಿಟಕಿ ಹತ್ರ ಹೋಗಿ ನಿಂತ್ಕೊಳ್ಳೋನು, ಆ ಗೇಟ್ ನೋಡೋನು. ನಾನಾಗೇ ಹೋಗೋಣ ಅಂದ್ರೆ ಯಾವ ನೆಪ ಹೇಳ್ಲಿ? ಅಮ್ಮ ಬಂದು "ಯಾಕೋ ಮಂಕಾಗಿದೀಯ?" ಅಂದ್ರು. "ಏನಿಲ್ಲ, ನೆಗಡಿ" ಅಂದೆ.

ಆ ವಾರ ಮುಗಿಯೋ ಹೊತ್ತಿಗೆ ಅಂಕಲ್ಲೇ ಬಂದು ಬಾಗಿಲು ಬಡಿದ್ರು.

"ಏನೋ, ಬದುಕಿದೀಯಾ? ಕಂಪ್ಯೂಟರ್ ಪೂರ್ತಿ ಕೆಟ್ಟೋಗಿದೆ, ಬಾ."

"ಏನಾಯ್ತು ಅಂಕಲ್?"

"ನಿನ್ನ ಕರೀತಾನೇ ಇಲ್ಲ. ಮೊದಲಿದ್ದ ಹಾಗೆ ಮಾಡ್ಕೊಡು."

"ನಿಮಗೆ... ಗೊತ್ತಿತ್ತಾ?"

"ಲೋ, ನಮ್ಮನೆ ಎದುರುಗಡೆ ಯಾರಿದಾರೆ ಅಂತ ಕಂಪ್ಯೂಟರ್‌ಗೆ ಹೆಂಗೋ ಗೊತ್ತಾಗುತ್ತೆ? ಮೊದಲ್ನೇ ದಿನಾನೇ ನಾನೂ ನಿಮ್ಮಾಂಟೀನೂ ಬಿದ್ದು ಬಿದ್ದು ನಕ್ವಿ. ನಡಿ ನಡಿ, ಕಾಫಿ ಆರೋಗುತ್ತೆ."

ಹೋಗಿ ಕೂತು ಮತ್ತೆ ಅದೇ ಸಂದೇಶ ಟೈಪ್ ಮಾಡ್ತಿದ್ದೆ. ಅಡುಗೆಮನೆಯಿಂದ ಆಂಟಿ ಕೂಗಿದ್ರು:

"ಹಂಗೇ ಇನ್ನೊಂದು ಸಾಲು ಸೇರ್ಸೋ, 'ಹುಡುಗ ಬರುವಾಗ ಒಂದು ಕಟ್ಟು ಕೊತ್ತಂಬರಿ ಸೊಪ್ಪು ತರಲಿ' ಅಂತ!"