ಎರಡನೇ ನಂಬರಿನ ದನಿ

ರಾತ್ರಿ ಹನ್ನೆರಡರ ಮೇಲೆ ನವನಗರದ ಆ ಓಣಿಯಲ್ಲಿ ‘ಗುಂಯ್’ ಎಂಬ ಸಣ್ಣ ಸದ್ದು ಎದ್ದಿತು. ಒಣ ಸೋರೆಬುರುಡೆಯೊಳಗೆ ದುಂಬಿ ಸಿಕ್ಕಿಕೊಂಡಂಥ ಸದ್ದು. ನಿವೃತ್ತ ಮಾಸ್ತರ ಬಸಯ್ಯನವರು ಎದ್ದು ಕೂತರು. ಬೆಳಗಾಗುವವರೆಗೂ ಕೂತೇ ಇದ್ದು, ಬೆಳಕು ಹರಿದದ್ದೇ ಪಕ್ಕದ ಮನೆಯ ನಾಗಲಿಂಗನ ಬಾಗಿಲು ಬಡಿದರು.

“ಏನಪಾ, ನಿನ್ನ ಪೆಟ್ಟಿಗಿ ಮಲಗೂದಿಲ್ಲೇನು? ಮೂರು ದಿನಾ ಆತು, ಗುಂಯ್ ಅಂತ ನನ್ನ ನಿದ್ದಿ ತಿಂದೈತಿ!”

“ಆರಿಸೇ ಮಲಗೀನ್ರಿ ಸರ.”

“ಮತ್ತ ಅದು ಕನಸಿನ್ಯಾಗ ಗೊರಕಿ ಹೊಡೀತೈತೇನು?”

ಪೆಟ್ಟಿಗೆಯೆಂದರೆ ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಹಳೆಯ ವಾಲ್ವ್ ಆಂಪ್ಲಿಫೈಯರು. ಅದರ ಹಿಂದಿನ ಗಾಜಿನ ವಾಲ್ವುಗಳು ಕೆಂಡದಂತೆ ಕೆಂಪಗಾದ ಮೇಲೇ ಅದು ಬಾಯಿ ಬಿಡುವುದು. ಎತ್ತಲು ಎರಡಾಳು ಬೇಕು. ಆರ್ಕೆಸ್ಟ್ರಾದಲ್ಲಿ ಗಿಟಾರು ಬಾರಿಸುವ ನಾಗಲಿಂಗ ಅದಕ್ಕಾಗಿ ಮೋಟಾರಸೈಕಲ್ಲು ಮಾರಿದ್ದ. ಈಗ ತುಳಿಯುವ ಸೈಕಲ್ಲಿನ ಮೇಲೆ ಓಡಾಡುತ್ತಿದ್ದ, ಅಂಬಾರಿಯ ಮೇಲೆ ಕೂತವನ ಠೀವಿಯಲ್ಲಿ.

ಬಸಯ್ಯನವರು ಕಟ್ಟೆ ಇಳಿಯುವ ಮೊದಲೇ ಆರ್ಕೆಸ್ಟ್ರಾ ಮಾಲಕ ಅಹ್ಮದಸಾಬ ಬಂದ. ಅವನ ಕೈಯಲ್ಲಿ ಒಳಗೇ ಸ್ಪೀಕರಿದ್ದ, ಊಟದ ಡಬ್ಬಿಯಷ್ಟು ದೊಡ್ಡ ಡಿಜಿಟಲ್ ಯಂತ್ರವಿತ್ತು.

“ನಾಳೆ ಇಳಕಲ್ಲಿನ ಕಾರ್ಯಕ್ರಮಕ್ಕ ಇದನ್ನ ತಗೊಂಡು ಬಾ. ಜಗತ್ತಿನ ಎಲ್ಲಾ ವಾಲ್ವ್ ಪೆಟ್ಟಿಗಿ ದನಿ ಇದರಾಗ ನಕಲು ಆಗ್ಯಾವ. ಗುಂಡಿ ಒತ್ತು, ಮುಗೀತು. ನಿನ್ನ ಆನಿಮರಿ ಮಾರಿಬಿಡು. ಟೆಂಪೋದಾಗ ಅದು ಕೂತರ ತಬಲಾದವ ನಿಂತು ಬರ್ತಾನ.”

“ನಕಲು ನಕಲೇ ಅಹ್ಮದಭಾಯ್! ನಿದ್ದಿಗಣ್ಣಾಗ ಕೇಳಿದ್ರೂ ನನ್ನ ಪೆಟ್ಟಿಗಿ ದನಿ ಗುರ್ತು ಹಿಡೀತೇನಿ. ಬಿಸಿ ರೊಟ್ಟಿಗೂ ಒಣಗಿದ ಖಟಿ ರೊಟ್ಟಿಗೂ ಫರಕ್ ಇಲ್ಲೇನು?”

“ಆ ಫರಕ್ ಕೇಳೋರಿಗೂ ಗೊತ್ತಾಗಬೇಕಲ್ಲೋ!”

ಬಸಯ್ಯ ಮಾಸ್ತರಿಗೆ ನಿದ್ದೆಯೆಲ್ಲ ಹಾರಿಹೋಯಿತು. “ಹಂಗಾದ್ರ ಪರೀಕ್ಷಾ ಇಡೂಣು. ಪರದೆ ಹಿಂದ ಎರಡೂ ಬಾರಸು. ಯಾವುದು ಚೊಲೋ ಅಂತ ಓಣಿ ಮಂದಿ ಹೇಳಲಿ. ನಿನ್ನ ಪೆಟ್ಟಿಗಿ ಸೋತ್ರ ಇವತ್ತೇ ಮಾರಾಟ.”

ಸಂಜೆ ನಾಲ್ಕಕ್ಕೆ ನಾಗಲಿಂಗನ ಹೆಂಡತಿ ಶೈಲಾ ಪಡಸಾಲೆಗೆ ಅಡ್ಡಲಾಗಿ ಸೀರೆ ಕಟ್ಟಿದಳು. “ಎರಡನೇದು ನಮ್ಮದು,” ಎಂದು ನಾಗಲಿಂಗ ಅಡಿಗೆಮನೆಯಲ್ಲೇ ಅವಳ ಕಿವಿಯಲ್ಲಿ ಹೇಳಿದ್ದ. ಕೇಳಲು ಕೂತವರಲ್ಲಿ ಮುಕ್ಕಾಲು ಪಾಲು ಹೆಂಗಸರೇ. ಎಲ್ಲರ ಮುಂದೆ ಬಸಯ್ಯನವರ ಮಡದಿ ಸಿದ್ದವ್ವ.

ನಾಗಲಿಂಗ ಗಿಟಾರಿನ ವಾಯರನ್ನು ಡಬ್ಬಿಗೆ ಚುಚ್ಚಿ, ಮಲತಾಯಿ ಊಟಕ್ಕೆ ಬಡಿಸಿದ ಹಾಗೆ ಒಂದನೇ ನಂಬರು ಬಾರಿಸಿದ. ಆಮೇಲೆ ಕಣ್ಣು ಮುಚ್ಚಿ, ಮನೆದೇವರನ್ನು ನೆನೆದು, ವಾಯರು ಕಿತ್ತು ಮತ್ತೆ ಚುಚ್ಚಿದ. ಕಣ್ಣು ತೆರೆಯದೇ ಜೀವವನ್ನೆಲ್ಲ ತಂತಿಗಿಟ್ಟು ಬಾರಿಸಿದ. ಆಹಾ, ಏನು ದನಿ! ಅವನಿಗೇ ಕಣ್ಣೀರು ಬಂತು. ಹೊರಗೆ ಶೈಲಾ ಯಾಕೋ ಜೋರಾಗಿ ಕೆಮ್ಮಿದಳು.

“ಎರಡನೇದು!” ಸಿದ್ದವ್ವ ಕೈ ಎತ್ತಿದಳು. ಬಳೆಗಳೆಲ್ಲ ಒಮ್ಮೆಲೇ ಗಲ್ಲೆಂದವು.

“ಮೊದಲನೇದು ಬರೇ ತಗಡು ಬಡದಂಗಿತ್ತು,” ಎಂದಳು ಎದುರುಮನೆಯ ಶಾರವ್ವ. “ಎರಡನೇದು ಕೇಳಿ ಹೊಟ್ಟಿ ತುಂಬಿತ ನೋಡ್ರಿ!”

ಅಹ್ಮದಸಾಬ ಸೀರೆಯಾಚೆಯಿಂದಲೇ ಸಲಾಮು ಹೊಡೆದ. “ಸೋತೆ ನಾಗಲಿಂಗಪ್ಪ! ನಾಳೆ ಟೆಂಪೋದಾಗ ನಿನ್ನ ಪೆಟ್ಟಿಗೀನೇ ಮೊದಲು ಹತ್ತಲಿ.”

ಮಂದಿ ಚದುರಿದ ಮೇಲೆ ಸಿದ್ದವ್ವ, ಶಾರವ್ವ ಇಬ್ಬರೂ ಹಿತ್ತಲ ಬಾಗಿಲಿನಿಂದ ಒಳಬಂದರು. ಸೆರಗಿನ ಮರೆಯಿಂದ ಒಂದೊಂದು ಹಾಲಿನ ಗಡಿಗೆ ತೆಗೆದು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟರು.

“ಏನ್ರೀ ಅವ್ವಾರ ಇದು?”

“ಈ ಥಂಡ್ಯಾಗ ಹಾಲು ಹೆಪ್ಪಾಗವಲ್ದು ತಮ್ಮಾ,” ಎಂದಳು ಸಿದ್ದವ್ವ. “ ಇದರ ಮ್ಯಾಲಿಟ್ರ ಬೆಳಗಾಗೂದ್ರಾಗ ಮೊಸರು ಕಲ್ಲಿನಂಗ ಗಟ್ಟಿ! ನೀ ಮಲಗಿದ ಮ್ಯಾಲೆ ಶೈಲಾ ಪೆಟ್ಟಿಗಿ ಹಚ್ಚತಾಳ. ನಮ್ಮ ಮನಿಯವರ ಮುಂದ ಹೇಳಬ್ಯಾಡ ಮತ್ತ.”

“ಹಂಗಾದ್ರ... ದನಿ?”

“ದನಿ ನಮಗೇನು ತಿಳೀತೈತಿ? ಶೈಲಾ ಕೆಮ್ಮಿದಳು, ನಾವು ಕೈ ಎತ್ತಿದಿವಿ. ನಾಳೆ ನೀ ಆ ಡಬ್ಬೀನೇ ಒಯ್ಯಿ. ಪೆಟ್ಟಿಗಿ ಹೋದ್ರ ಓಣಿಗೆಲ್ಲಾ ಮೊಸರು ಎಲ್ಲಿಂದ ಬರಬೇಕು?”

ನಾಗಲಿಂಗನ ಎದೆ ಗಾಳಿ ಬಿಟ್ಟ ಟ್ಯೂಬಿನಂತೆ ಇಳಿಯಿತು. ಇರಲಿ, ಇವರ ಕಿವಿ ಹೀಗೆ; ನನ್ನ ಕಿವಿಗಾದರೂ ಖರೆ ಯಾವುದು ಗೊತ್ತಲ್ಲ ಎಂದು ಸಮಾಧಾನ ಮಾಡಿಕೊಂಡು ಗಿಟಾರು ಎತ್ತಿದ. ವಾಯರು ಬಿಗಿಯಿತು. ವಾಯರಿನ ಹಿಂದೆ, ತಾಯಿಯ ಸೆರಗು ಹಿಡಿದ ಕೂಸಿನಂತೆ, ಡಿಜಿಟಲ್ ಡಬ್ಬಿಯೂ ಜಾರಿಕೊಂಡು ಬಂತು. ಪೆಟ್ಟಿಗೆಗೆ ಗಿಟಾರಿನ ವಾಯರೇ ಚುಚ್ಚಿರಲಿಲ್ಲ. ಎರಡೂ ಸಲ ಅವನು ಚುಚ್ಚಿದ್ದು ಡಬ್ಬಿಗೇ.

“ಯಾಕ್ರೀ, ಮಾರಿ ಸಪ್ಪಗಾತು?” ಶೈಲಾ ಕೇಳಿದಳು.

“ಏನಿಲ್ಲ,” ಎಂದ ನಾಗಲಿಂಗ ಮೆಲ್ಲಗೆ ವಾಯರು ಕಿತ್ತು ಸುತ್ತಿಟ್ಟ. ಇದೊಂದನ್ನು ಯಾರಿಗೂ, ಕೈಹಿಡಿದವಳಿಗೂ ಹೇಳಬಾರದೆಂದು ಆ ಕ್ಷಣವೇ ತೀರ್ಮಾನಿಸಿದ.