ನೂರಕ್ಕೆ ನೂರು ಸ್ವದೇಶಿ ಕಣ್ಣು

ಔಷಧಿ ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಹಾಕುವ ಯಂತ್ರಕ್ಕೆ ಒಂದು ಪುಟ್ಟ ಕಣ್ಣಿತ್ತು. ಬಾಟಲಿ ಬಂದದ್ದು ಅದಕ್ಕೆ ಕಂಡರೆ ಮುಚ್ಚಳ ಬೀಳುತ್ತಿತ್ತು. ಹೊರದೇಶಗಳೆಲ್ಲ ಸೇರಿ ನಮ್ಮ ದೇಶಕ್ಕೆ ಮಾಲು ಕಳಿಸದಂತೆ ನಿರ್ಬಂಧ ಹಾಕಿದ ವರ್ಷವೇ ಆ ಕಣ್ಣು ಕೆಟ್ಟಿತು, ಹೊರಗಿನಿಂದ ಇನ್ನೊಂದು ಬರಲಿಲ್ಲ. ಎಂಜಿನಿಯರು ಆರು ತಿಂಗಳು ತಲೆ ಕೆರೆದುಕೊಂಡು ತಾನೇ ಒಂದನ್ನು ಮಾಡಿದ. ನೋಡಲು ಥೇಟ್ ಹಾಗೇ ಇತ್ತು. ಆದರೆ ಅದಕ್ಕೆ ಕಾಣಿಸುತ್ತಿರಲಿಲ್ಲ.

ದೊಡ್ಡ ಸಾಹೇಬರು ಅದನ್ನು ಪರೀಕ್ಷಿಸಲು ಬರುವ ದಿನವೇ ಫಿಟ್ಟರಜ್ಜನ ರಜೆ ಶುರು. ಹೆಂಡತಿ ಹೋದ ಮೇಲೆ ಒಂಟಿ ಕೋಣೆ, ಒಂದೇ ತಟ್ಟೆ, ಒಂದೇ ಲೋಟ. ಮಗಳಿರುವುದು ದೂರದ ಊರಲ್ಲಿ. ಮೂರು ವರ್ಷದ ಮೊಮ್ಮಗಳ ಮುಖ ಅವನಿನ್ನೂ ಕಂಡಿರಲಿಲ್ಲ. ಸಂಜೆ ಐದರ ರೈಲು. ಚೀಲ ಹೆಗಲಿಗೇರಿಸಿ ಹೊರಟವನನ್ನು ಎಂಜಿನಿಯರು ತಡೆದ.

"ಅಜ್ಜಾ, ಹಿಂದ್ಗಡೆ ಕೂತು ಬಾಟ್ಲಿ ಬಂದಾಗೆಲ್ಲ ಈ ತಂತಿ ಎಳೀರಿ. ಒಂದೇ ಗಂಟೆ."

"ಕಣ್ಣು ಮಾಡಿದ್ದು ನೀವು, ನೋಡೋದು ನಾನಾ?"

"ನನ್ನ ಮಾನ ನಿಮ್ಮ ಕೈಲಿದೆ. ನಾಲ್ಕಕ್ಕೆ ನಾನೇ ಸ್ಟೇಷನ್ನಿಗೆ ಬಿಡ್ತೀನಿ."

ಅಜ್ಜ ತಗಡಿನ ಮರೆಯಲ್ಲಿ ಡಬ್ಬಿಯೊಳಗಿನ ಜಿರಲೆಯಂತೆ ಮುದುರಿ ಕೂತ. ಬಾಟಲಿ ಬಂತು, ಎಳೆದ, ಮುಚ್ಚಳ ಬಿತ್ತು. ಸಾಹೇಬರು ತಲೆದೂಗಿದರು. ಅಷ್ಟರಲ್ಲಿ ಅಜ್ಜನಿಗೆ ಸೀನು ಬಂತು. ಎರಡು ಬಾಟಲಿ ಬೋಳುತಲೆಯಲ್ಲೇ ದಾಟಿಹೋದವು.

"ಇದೇನ್ರೀ?"

"ಧೂಳಿದ್ರೆ ತಾನಾಗೇ ನಿಲ್ಲುತ್ತೆ ಸಾರ್."

"ಹೊರದೇಶದ್ದಕ್ಕೂ ಈ ಬುದ್ಧಿ ಇರ್ಲಿಲ್ಲವಲ್ಲ," ಎಂದು ಸಾಹೇಬರು ಬರೆದುಕೊಂಡರು.

ಆಗಲೇ ಕ್ಯಾಂಟೀನಿನ ಅಕ್ಕ ಬಂದು, ತಗಡಿನ ಕೆಳಗೆ ಕಂಡ ಕಾಲುಗಳ ಮುಂದೆ ಲೋಟ ಇಟ್ಟಳು. "ಇನ್ನೂ ರೈಲಿಗೆ ಹೋಗಿಲ್ವಾ ಅಣ್ಣಾ? ಟೀ ಆರಿಹೋಗುತ್ತೆ, ಕುಡೀರಿ."

ಸಾಹೇಬರು ತಗಡು ಸರಿಸಿದರು. ಎಂಜಿನಿಯರನ ಮುಖ ಸುಟ್ಟ ಬದನೆಕಾಯಿಯಾಯಿತು. ಸದ್ಯ ಬಣ್ಣ ಬಯಲಾಯಿತು, ಇನ್ನು ಹೊರಡಬಹುದು ಎಂದು ಅಜ್ಜನಿಗೆ ಒಳಗೊಳಗೇ ಹಿಗ್ಗು.

ಸಾಹೇಬರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದರಲ್ಲಿ ಹೊರದೇಶದ ಭಾಗ ಏನಾದ್ರೂ ಇದೆಯಾ?"

"ಹಲ್ಲು ಕಟ್ಟಿಸಿದ್ದು ಸಾರ್," ಎಂದ ಅಜ್ಜ. "ಅದೂ ಇಲ್ಲೇ."

ಸಾಹೇಬರು 'ನೂರಕ್ಕೆ ನೂರು ಸ್ವದೇಶಿ' ಎಂದು ಬರೆದು ಮೊಹರು ಒತ್ತಿದರು. "ನಾಳೆಯಿಂದ ಮೇಲಿನವರು ನೋಡೋಕೆ ಬರ್ತಾರೆ. ಇವರು ಈ ಜಾಗ ಬಿಟ್ಟು ಅಲ್ಲಾಡಬಾರದು."

"ನನ್ನ ರಜೆ ಸಾರ್?"

"ಹೊರದೇಶದಿಂದ ಬದಲಿ ಕಣ್ಣು ಬಂದ ದಿನ ತಗೊಳ್ಳಿ."

ಎಲ್ಲರೂ ಸಾಹೇಬರನ್ನು ಬೀಳ್ಕೊಡಲು ಹೋದರು. ಅಜ್ಜ ಎಡಗೈಯಲ್ಲಿ ಫೋನು ಹಿಡಿದ.

"ಯಾಕಪ್ಪಾ, ರಜೆ ಕೊಡ್ಲಿಲ್ವಾ?" ಎಂದಳು ಮಗಳು.

"ಕೊಟ್ಟಿದ್ರಮ್ಮಾ. ಆಗಿನ್ನೂ ಮನುಷ್ಯ ಆಗಿದ್ದೆ. ಮಗೂಗೆ ಕೊಡು ಫೋನು... ಒಂದ್ನಿಮಿಷ ಇರು, ಬಾಟ್ಲಿ ಬಂತು."