ಕದ್ದ ಉಸಿರು

ನನ್ನ ಹೆಂಡತಿ ಉಸಿರಾಡುತ್ತಿದ್ದಳು ಎನ್ನುವುದಕ್ಕೆ ನನ್ನ ಬಳಿ ಯಾವ ಸಾಕ್ಷಿಯೂ ಇಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಮನೆಯಲ್ಲಿ ಇದ್ದೆವು. ಆಕೆ ಮಾತಾಡುವುದನ್ನು ಕೇಳಿದ್ದೇನೆ, ಬೈಯುವುದನ್ನು ಇನ್ನೂ ಹೆಚ್ಚು ಕೇಳಿದ್ದೇನೆ. ನಡುವೆ ನಿಂತು ಉಸಿರು ತೆಗೆದುಕೊಂಡದ್ದನ್ನು ಮಾತ್ರ ಕಂಡಿಲ್ಲ.

ನಿಮ್ಮ ಮನೆಗಳಲ್ಲಿ ಜಗಳ ಹೇಗೆ ನಡೆಯುತ್ತದೋ ನಾನರಿಯೆ. ಸಾಮಾನ್ಯವಾಗಿ ಒಬ್ಬರು ಒಂದು ವಾಕ್ಯ ಮುಗಿಸಿ ಉಸಿರೆಳೆದುಕೊಳ್ಳುವಾಗ ಇನ್ನೊಬ್ಬರು ಒಳಗೆ ನುಗ್ಗುತ್ತಾರೆ. ಸಂಸಾರ ನಡೆಯುವುದೇ ಹಾಗಲ್ಲವೇ? ನಮ್ಮಲ್ಲಿ ಆ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಆಕೆ ವಾಕ್ಯದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವವಳಲ್ಲ. ಯಾವುದೋ ಶಬ್ದದ ಹೊಟ್ಟೆಯೊಳಗೆ, ಯಾರಿಗೂ ತಿಳಿಯದ ಹಾಗೆ, ಕದ್ದು ತೆಗೆದುಕೊಂಡುಬಿಡುತ್ತಿದ್ದಳು. ವಾಕ್ಯ ಮುಗಿಯುವ ಹೊತ್ತಿಗೆ ಎದೆ ತುಂಬಿರುತ್ತಿತ್ತು, ಮುಂದಿನ ವಾಕ್ಯ ತುದಿನಾಲಗೆಯ ಮೇಲೆ ಇರುತ್ತಿತ್ತು. ನಾನು ಉತ್ತರ ಕೊಡಲೆಂದು ತೆರೆದ ಬಾಯಿಗೆ ರೊಟ್ಟಿ ಹಾಕಿಕೊಂಡು ಎದ್ದುಹೋಗುತ್ತಿದ್ದೆ.

ಈ ವಿದ್ಯೆಯನ್ನು ಆಕೆ ವಿಜಯಪುರದ ತವರಿನಿಂದ ತಂದದ್ದಲ್ಲ. ಕಲಿತದ್ದು ಇಲ್ಲಿ, ಮರಾಠಿ ಸೀಮೆಯ ಚಿಂಚವಾಡದಲ್ಲಿ, ಕ್ವಾಯರ್‌ನಲ್ಲಿ.

ನಾನು ಕಾರ್ಖಾನೆಯೊಂದರ ಸ್ಟೋರ್ಸ್‌ನಲ್ಲಿ ಗುಮಾಸ್ತನಾಗಿದ್ದೆ. ನಾವಿದ್ದ ಹೌಸಿಂಗ್ ಸೊಸೈಟಿಯ ಹಿಂದೆ ಒಂದು ಶಾಲೆ. ಶನಿವಾರ ಸಂಜೆ ಅದರ ಹಾಲ್‌ನಿಂದ ಗದ್ದಲ ಬರುತ್ತಿತ್ತು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಆಕೆ ಕಿಟಕಿಯಲ್ಲಿ ಕಿವಿಗೊಟ್ಟು ನಿಂತಳು.

"ಅಲ್ಲೇನೋ ಕಚ್ಚ್ಯಾಟ ನಡದದ್ರಿ. ನಾಕು ಕಡೆ ನಾಕು ಥರಾ ಒದರಾಕತ್ತಾರ. ಬಿಡಿಸಿ ಬರ್ತೀನಿ ತಡೀರಿ."

ಚಪ್ಪಲಿ ಮೆಟ್ಟಿ ಹೋದವಳು ಬಂದದ್ದು ಎರಡು ತಾಸಿನ ಮೇಲೆ.

"ಬಿಡಿಸಿದೇನು?" ಎಂದೆ.

"ಇಲ್ರಿ. ನಾನೂ ಸೇರ್ಕೊಂಡೆ."

ಅದು ಜಗಳವಲ್ಲ, ಹಾಡು ಎಂದು ಆಮೇಲೆ ತಿಳಿಯಿತು. ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿದ್ದ ಗೋವಾದ ಮಾಸ್ತರರೊಬ್ಬರು ಮೂವತ್ತು ಜನರನ್ನು ಕೂಡಿಸಿ ಕ್ವಾಯರ್ ಕಟ್ಟಿ ಹಾಡಿಸುತ್ತಿದ್ದರು. ಫಿಟ್ಟರು, ನರ್ಸು, ಶಾಲೆಯ ಟೀಚರು, ಬ್ಯಾಂಕಿನವರು. ಯಾರಿಗೂ ಅದು ಹೊಟ್ಟೆಪಾಡಲ್ಲ. ಹೆಂಗಸರಲ್ಲಿ ಎರಡು ಗುಂಪು, ಗಂಡಸರಲ್ಲಿ ಎರಡು. ಒಂದೊಂದು ಗುಂಪಿಗೂ ಬೇರೆ ಬೇರೆ ಧಾಟಿ. ನಾಲ್ಕೂ ಕೂಡಿದರೆ ಒಂದು ಹಾಡು. ನಮ್ಮವಳಿಗೆ ಸಿಕ್ಕಿದ್ದು ಹೆಂಗಸರ ಕೆಳಗಿನ ದನಿ, ಅವರು ಆಲ್ಟೊ ಎನ್ನುತ್ತಾರೆ. ಮೇಲಿನವರಿಗೆ ರಾಗ, ತಳದ ಗಂಡಸರಿಗೆ ಗತ್ತು, ನಡುವಿನವರಿಗೆ ಉಳಿದದ್ದು. ಉಳಿದದ್ದು ಎಂದರೆ ಹೆಚ್ಚುಕಡಿಮೆ ಒಂದೇ ಸ್ವರ. ಅದನ್ನೇ ಆಕೆ ಹಿಟ್ಟು ನಾದುತ್ತ, ಪಾತ್ರೆ ತೊಳೆಯುತ್ತ ವಾರವಿಡೀ ಗುಂಯ್‌ಗುಡುತ್ತಿದ್ದಳು.

ಆಗ ನಮ್ಮ ಜೊತೆಗಿದ್ದ ನನ್ನ ತಾಯಿ ಕೇಳಿದರು: "ಏನವಾ, ಮನ್ಯಾಗ ಸೊಳ್ಳಿ ಹೊಕ್ಕಾವೇನು?"

"ಇಲ್ರಿ ಅತ್ತಿ, ಅದು ಲ್ಯಾಟಿನ್."

"ಅಕಿ ಯಾರ ಪೈಕಿ?"

ಹಾಡು ಹಾಲ್‌ನಲ್ಲೇ ಉಳಿದಿದ್ದರೆ ನಾನು ಈ ಪ್ರಬಂಧ ಬರೆಯುತ್ತಿರಲಿಲ್ಲ. ಅದು ಓಣಿಗೂ ಇಳಿಯಿತು. ನಮ್ಮ ಓಣಿಗೆ ಬೆಳಿಗ್ಗೆ ಒಂದೇ ಹೊತ್ತಿಗೆ ಇಬ್ಬರು ಬರುತ್ತಿದ್ದರು, ಸೊಪ್ಪು ಮಾರುವವನೊಬ್ಬ, ಹಳೆ ಸಾಮಾನು ಕೊಳ್ಳುವ ಭಂಗಾರದವನೊಬ್ಬ. ಭಂಗಾರದವನು ಕಲಬುರ್ಗಿ ಕಡೆಯವನು. ಇಬ್ಬರ ಕೂಗೂ ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿತ್ತಂತೆ. ಆಕೆ ಬಾಲ್ಕನಿಯಿಂದ ಬಗ್ಗಿದಳು.

"ತಮ್ಮಾ, ನೀ ಸ್ವಲ್ಪ ಕೆಳಗ ಹಿಡಿಯೋ. ಅವಂದು ಮ್ಯಾಲದ."

ಭಂಗಾರದವನು ಕೈಗಾಡಿ ನೋಡಿಕೊಂಡ. "ಏನ ಹಿಡೀಲಿ ಅಕ್ಕಾರ? ತಕ್ಕಡೀನಾ?"

"ದನಿ, ದನಿ."

"ದನಿ ಕೆಳಗ ಹಿಡದ್ರ ಮೂರನೇ ಮಜಲಿನ ಮಂದಿಗೆ ನಿಮ್ಮ ಮನಿಯವರು ಹೋಗಿ ಹೇಳ್ತಾರೇನ್ರಿ?"

ಆದರೂ ಒಳ್ಳೆಯ ಹುಡುಗ, ಕೇಳಿದ. ಒಂದು ವಾರ ನಮ್ಮ ಓಣಿಯಲ್ಲಿ ಮೆಂತ್ಯದ ಸೊಪ್ಪು ಮತ್ತು ಹಳೆ ಕಬ್ಬಿಣ ಬಹಳ ಹೊಂದಿಕೊಂಡು ಸಾಗಿದವು. ಆಮೇಲೆ ಸೊಪ್ಪಿನವನು, ತನ್ನ ಕೂಗು ಬೇರೆಯಾಗಿ ಕೇಳಿಸದೆ ವ್ಯಾಪಾರ ಬಿತ್ತೆಂದು, ದಾರಿ ಬದಲಿಸಿದ.

ಗಣಪತಿ ಹಬ್ಬದಲ್ಲಿ ಸೊಸೈಟಿಯವರೆಲ್ಲ ಕೂಡಿ ಆರತಿ ಹಾಡುವಾಗಲೂ ಇವಳದು ನಡುವಿನ ದನಿಯೇ. ಅಕ್ಕಪಕ್ಕದವರು ಧಾಟಿ ತಪ್ಪಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಸೆಕ್ರೆಟರಿ ಕೈಮುಗಿದು ಮರಾಠಿಯಲ್ಲಿ ಬೇಡಿಕೊಂಡರು: "ವಹಿನಿ, ಎಲ್ಲರ ಹಾಗೆ ಹಾಡಿ." ಎಲ್ಲರೂ ಒಂದೇ ಹಾಡುವುದಾದರೆ ಒಬ್ಬರು ಸಾಕಲ್ಲ, ಉಳಿದವರು ಮನೆಗೆ ಹೋಗಬಹುದಲ್ಲ ಎಂದು ಆಕೆ ಅಷ್ಟೇ ಚಂದದ ಮರಾಠಿಯಲ್ಲಿ ಕೇಳಿದಳು. ಮರುದಿನ ಆಕೆಯ ಕೈಗೆ ದೊಡ್ಡ ಗಂಟೆ ಕೊಟ್ಟರು, ಬಾರಿಸುತ್ತ ಇರಲಿ ಎಂದು. ಅದರ ಮರುದಿನ ಗಂಟೆಯ ಶ್ರುತಿ ಸರಿಯಿಲ್ಲವೆಂದು ಆಕೆ ವಾಪಸು ಕೊಟ್ಟಳು.

ಕ್ವಾಯರ್‌ನ ಸಾಧನೆ ಏನು ಎಂದು ನೀವು ಕೇಳಬಹುದು. ಒಮ್ಮೆ ಪಣಜಿಯ ಸ್ಪರ್ಧೆಗೆ ಹೋಗಿ ಎರಡನೆಯ ಬಹುಮಾನ ತಂದರು. ಆಕೆ ನೆಂಟರಿಗೆಲ್ಲ ಫೋನ್ ಮಾಡಿದಳು. ವಿಜಯಪುರದ ತಮ್ಮ ಕೇಳಿದ, "ಎಷ್ಟು ತಂಡ ಬಂದಿದ್ವು ಅಕ್ಕಾ?" ಬಂದದ್ದು ಎರಡೇ. "ಭಾಳ ದೂರದಿಂದ ಬಂದಿದ್ವೋ" ಎಂದಳು.

ಆದರೆ ಆಕೆಯ ಲೆಕ್ಕದಲ್ಲಿ ನಿಜವಾದ ಸಾಧನೆ ಬೇರೆ. ಪ್ರತಿ ಡಿಸೆಂಬರಿನ ಕಾರ್ಯಕ್ರಮದಲ್ಲಿ ಅವರು ಹಾಡುವ ಕೊನೆಯ ಹಾಡು ಒಂದು ಉದ್ದನೆಯ ಸ್ವರದಲ್ಲಿ ಮುಗಿಯುತ್ತದೆ. ಒಬ್ಬರ ಎದೆಗೆ ಸುಲಭವಾಗಿ ನಿಲುಕದಷ್ಟು ಉದ್ದ. ಹಾಗಾಗಿ ಅಕ್ಕಪಕ್ಕದವರು ಸರದಿಯ ಮೇಲೆ ಉಸಿರು ಕದಿಯಬೇಕು. ಒಬ್ಬರು ಕದಿಯುವಾಗ ಇನ್ನೊಬ್ಬರು ಹಿಡಿದಿರಬೇಕು. ಕೇಳುವವರಿಗೆ ಯಾರೂ ಉಸಿರಾಡಲೇ ಇಲ್ಲ ಅನ್ನಿಸಬೇಕು. ಕರೆಂಟ್ ಹೋದ ವರ್ಷ ಕತ್ತಲಲ್ಲಿ ಹಾಡಿದರು, ಕುರ್ಚಿ ಬಾಡಿಗೆಯವರು ಹಾಡಿನ ನಡುವೆಯೇ ಕುರ್ಚಿ ಮಡಿಚಿದ ವರ್ಷವೂ ಹಾಡಿದರು. ಆ ಸ್ವರ ಒಮ್ಮೆಯೂ ತುಂಡಾಗಲಿಲ್ಲ.

ಇವಳ ಪಕ್ಕದಲ್ಲಿ ನಿಲ್ಲುತ್ತಿದ್ದವರು ಶಾಲಿನಿತಾಯಿ. ತಾಯಿ ಎಂದರೆ ಮರಾಠಿಯಲ್ಲಿ ಅಕ್ಕ. ನರ್ಸ್ ಆಗಿದ್ದವರು, ಗಟ್ಟಿ ಹೆಂಗಸು. ಇಬ್ಬರಿಗೂ ಸರದಿ ಎಷ್ಟು ಅಂಟಿಕೊಂಡಿತ್ತೆಂದರೆ ಜ್ವರ ಬರುವುದೂ ಒಬ್ಬರಾದ ಮೇಲೆ ಒಬ್ಬರಿಗೇ. ಹಳಬರು ನಿವೃತ್ತರಾಗಿ ಊರಿಗೆ ಹೋದರು, ಮಾಸ್ತರರ ತಲೆ ಬೆಳ್ಳಗಾಯಿತು. ಬರಬರುತ್ತ ಆ ನಡುವಿನ ದನಿಗೆ ಇವರಿಬ್ಬರೇ ಉಳಿದರು.

ಹಿಂದೆ ಆಕೆಯ ಮೊದಲ ಕಾರ್ಯಕ್ರಮದ ದಿನ ನಾನೊಂದು ಎಡವಟ್ಟು ಮಾಡಿದ್ದೆ. ಸ್ಕೂಟರ್ ಮೇಲೆ ಮನೆಗೆ ಬರುವಾಗ, ಹೆಂಡತಿ ಖುಷಿಪಡಲಿ ಎಂದು, "ಎಲ್ಲಾರಕಿಂತ ನಿನ್ನ ದನೀನ ಎದ್ದು ಕೇಳಿಸ್ತು ನೋಡು" ಎಂದೆ. ಹೆಗಲ ಮೇಲಿದ್ದ ಕೈ ಸರಿಯಿತು. ಎರಡು ದಿನ ಮಾತಿಲ್ಲ. ಮನೆಯಲ್ಲಿ ಅಂಥ ಶಾಂತಿ ನಾನು ಕಂಡಿರಲಿಲ್ಲ, ಆದರೆ ಅದು ಸುಖದ್ದೂ ಆಗಿರಲಿಲ್ಲ. ಮೂರನೆಯ ದಿನ ಚಹಾ ಇಟ್ಟು ಕೇಳಿದಳು:

"ಖರೇನ ಕೇಳಿಸ್ತೇನ್ರಿ?"

"ಇಲ್ಲ ಮಾರಾಯ್ತಿ, ಸುಳ್ಳು ಹೇಳಿದೆ. ನೀ ಹಾಡಿದ್ದ ಗೊತ್ತಾಗಲಿಲ್ಲ."

ಮುಖ ಅರಳಿತು. ಆ ದಿನ ಮನೆಯಲ್ಲಿ ಹೋಳಿಗೆ. ಕ್ವಾಯರ್‌ನಲ್ಲಿ ಒಬ್ಬರ ದನಿ ಎದ್ದು ಕೇಳಿಸುವುದೇ ದೊಡ್ಡ ತಪ್ಪಂತೆ. ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ "ನೀ ಹಾಡಿದ್ದ ಗೊತ್ತಾಗಲಿಲ್ಲ" ಎಂದು ಹೊಗಳಿದೆ, ಪ್ರತಿ ಡಿಸೆಂಬರಿನಲ್ಲೂ ಹೋಳಿಗೆ ತಿಂದೆ. ಹೆಂಡತಿಯನ್ನು ಹೀಗೆ ಹೊಗಳಿ ಬದುಕಿದ ಗಂಡ ಇನ್ನೊಬ್ಬನಿದ್ದರೆ ನನಗೆ ತಿಳಿಸಿ.

ತಮಾಷೆಯ ಮಾತು ಹಾಗಿರಲಿ. ಒಳಗೊಳಗೆ ನನಗೆ ಅದು ಚುಚ್ಚುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತು ನೋಡಿದೆ, ಹಿಂದೆ ಕೂತು ನೋಡಿದೆ, ಕಣ್ಣು ಮುಚ್ಚಿ ಕೇಳಿದೆ. ಮನೆಯಲ್ಲಿ ದಿನಾ ಕೇಳುವ ದನಿ ಆ ಮೂವತ್ತು ಜನರೊಳಗೆ ಕರಗಿ ಹೋಗುತ್ತಿತ್ತು. ಕೈಹಿಡಿದ ಹೆಂಡತಿಯ ದನಿ ಗಂಡನಿಗೆ ಒಮ್ಮೆಯಾದರೂ ಗುರುತು ಸಿಗಬಾರದೇ? ಒಮ್ಮೆ ಸಿಕ್ಕರೆ ಸಾಕಿತ್ತು. ಇದನ್ನು ಆಕೆಗೆ ಹೇಳಲಿಲ್ಲ. ಹೇಳಲು ನಡುವೆ ಜಾಗವೆಲ್ಲಿತ್ತು?

ಹೋದ ಮಳೆಗಾಲದಲ್ಲಿ ಆಕೆಗೆ ಕಾಯಿಲೆಯಾಯಿತು. ಬಹಳ ದಿನ ನರಳಲಿಲ್ಲ. ಆಸ್ಪತ್ರೆಯಲ್ಲಿ ಮೂಗಿನ ಮೇಲಿನ ಆಕ್ಸಿಜನ್ ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದಳು.

"ಡಿಸೆಂಬರ್ ಪ್ರೋಗ್ರಾಮ್ ಬಿಡಬ್ಯಾಡ್ರಿ ಅಂತ ಶಾಲಿನಿತಾಯಿಗೆ ಹೇಳ್ರಿ. ನಾ ಇಲ್ಲ ಅಂತ ಕೇಳೋ ಮಂದಿಗೆ ತಿಳೀಬಾರದು."

ವಾಕ್ಯ ಮುಗಿಸಿ ಸುಮ್ಮನಾದಳು. ಯಂತ್ರದ ಸದ್ದು ಮಾತ್ರ. ಅಷ್ಟು ವರ್ಷ ನಾನು ಕಾದಿದ್ದ ಬಾಗಿಲು ತೆರೆದಿತ್ತು. "ಹ್ಞೂಂ" ಎಂದೆ. ಮಾಸ್ಕನ್ನು ಮತ್ತೆ ಮೂಗಿನ ಮೇಲೆ ಸರಿಸಿದೆ.

ಆಕೆ ಹೋದ ಮೇಲೆ ಶಾಲಿನಿತಾಯಿಗೆ ಹೇಳಿದೆ. ಅವರು ಒಬ್ಬರೇ ಅಭ್ಯಾಸಕ್ಕೆ ಹೋದರು. ಕೊನೆಯ ಸ್ವರಕ್ಕೆ ಮೊದಲೇ ಎದೆ ತುಂಬಿಕೊಂಡು, ಮುಖ ಕೆಂಪಾದರೂ ಬಿಡದೆ, ಹೇಗೋ ದಡ ಮುಟ್ಟಿಸುತ್ತಿದ್ದಾರೆಂದು ಮಾಸ್ತರರು ಹೇಳಿದರು.

ಡಿಸೆಂಬರಿನಲ್ಲಿ ನಾನು ಹೋಗಿ ಮೂರನೆಯ ಸಾಲಿನಲ್ಲಿ ಕೂತೆ. ಶಾಲಿನಿತಾಯಿ ತಮ್ಮ ಎಡಕ್ಕೆ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ನಿಂತಿದ್ದರು. ಬಿಡಿ ಎಂದು ಯಾರೂ ಹೇಳಿರಲಿಲ್ಲ, ಕಾಲು ತಾನಾಗಿ ಅಲ್ಲಿ ಹೋಗಿ ನಿಂತಿರಬೇಕು. ಕೊನೆಯ ಹಾಡು ಬಂತು. ಕೊನೆಯ ಸ್ವರ ಬಂತು. ಅವರು ಕಣ್ಣು ಮುಚ್ಚಿದರು. ಮುಚ್ಚಿದ್ದಕ್ಕೇ ಇರಬೇಕು, ಅಭ್ಯಾಸ ಮಾಡಿದ್ದೆಲ್ಲ ಮರೆಯಿತು, ಹಳೆಯದು ಉಳಿಯಿತು. ಎಂದಿನಂತೆ ಮುಖವನ್ನು ಎಡಕ್ಕೆ ತುಸು ವಾಲಿಸಿ, ಪಕ್ಕದವಳು ಹಿಡಿದಿರುತ್ತಾಳೆಂಬ ಧೈರ್ಯದಲ್ಲಿ ಉಸಿರು ತೆಗೆದುಕೊಂಡರು.

ಹಿಡಿಯುವವರಿರಲಿಲ್ಲ. ಮೇಲೆ ಹೆಂಗಸರ ದನಿ ಇತ್ತು, ಕೆಳಗೆ ಗಂಡಸರ ದನಿ ಇತ್ತು, ನಡುವೆ ಮೆಟ್ಟಿಲೊಂದು ಇಲ್ಲದ ಹಾಗೆ ಖಾಲಿಯಾಯಿತು. ಕಣ್ಣು ಮಿಟುಕಿಸುವಷ್ಟು ಹೊತ್ತು. ಆಮೇಲೆ ಶಾಲಿನಿತಾಯಿ ಬಂದು ಸೇರಿದರು, ಸ್ವರ ಮುಗಿಯಿತು, ಜನ ಚಪ್ಪಾಳೆ ತಟ್ಟಿದರು. ಹೆಚ್ಚಿನವರಿಗೆ ಏನೂ ತಿಳಿಯಲಿಲ್ಲ.

ನನಗೆ ತಿಳಿಯಿತು. ಇಷ್ಟು ವರ್ಷ ನಾನು ಹುಡುಕಿದ್ದು ಆಕೆಯ ದನಿಯ ಆ ಜಾಗವನ್ನೇ. ಅಷ್ಟು ಅಗಲ, ಅಷ್ಟು ಎತ್ತರ, ಸರಿಯಾಗಿ ಅಲ್ಲಿ. ನನ್ನ ಹೆಂಡತಿ ಉಸಿರು ತೆಗೆದುಕೊಂಡದ್ದು ನನಗೆ ಮೊದಲ ಸಲ ಕೇಳಿಸಿತು.

ಶಾಲಿನಿತಾಯಿ ಸೆರಗಿನಿಂದ ಕಣ್ಣೊರೆಸುತ್ತ ಬಂದರು. "ಭಾವೋಜಿ, ನನ್ನದು ತಪ್ಪಾಯಿತು. ಅವಳು ಇದ್ದಾಳೆ ಅಂದುಕೊಂಡೆ" ಎಂದು ಮರಾಠಿಯಲ್ಲಿ ಹೇಳಿದರು. "ಬಹಳ ತಿಳಿಯಿತೇ?"

"ತಿಳಿಯಿತು" ಎಂದೆ. "ಎಲ್ಲರಿಗಿಂತ ಅವಳ ದನಿಯೇ ಎದ್ದು ಕೇಳಿಸಿತು."

ಈ ಮಾತಿಗೆ ಆಕೆ ಎರಡು ದಿನ ಮಾತು ಬಿಡುವವಳು. ಬಿಡಲಿ. ಮೂರನೆಯ ದಿನ ಚಹಾ ಇಟ್ಟು ಕೇಳಿದರೂ, ಈ ಸಲ ನಾನು "ಸುಳ್ಳು ಹೇಳಿದೆ" ಎನ್ನುವುದಿಲ್ಲ.